ಬಾಡಿಗೆ ಪಾತ್ರೆ, ಜಾಲಿಮುಳ್ಳು ಮತ್ತು ಕೊರೋನಾ

ಶಾಮಿಯಾನ, ಖುರ್ಚಿ, ಅಡುಗೆ ಪಾತ್ರೆ ಬಾಡಿಗೆಗೆ ಕೊಡುವವನ ಕಣ್ಣಿಗೆ ಮಂದಿಯ ಒಳಗಿನ ಆಟಗಳು ಬೀಳುತ್ತಲೇ ಇರುತ್ತವೆ, ಬೇಡವೆಂದರೂ ಬಿಡುವುದಿಲ್ಲ. ಎಲ್ಲರೂ ಕಾರ್ಯಕ್ರಮವನ್ನು ಮುಂದಿನಿಂದ ನೋಡಿದರೆ ನಾನು ಹಿಂದಿನಿಂದ ನೋಡುತ್ತೇನೆ. ಮುಂದೆ ಕೂತವರಿಗೆ ಹೂವಿನ ಹಾರ ಕಾಣುತ್ತದೆ. ಆ ಹಾರ ಮೊದಲು ಯಾರ ಕೊರಳಿಗೆ ಬೀಳಬೇಕು ಎಂದು ಪರದೆಯ ಹಿಂದೆ ಆದ ಜಗಳ ನನಗೆ ಕಾಣುತ್ತದೆ. ಕುಷ್ಟಗಿಯಲ್ಲಿ ಈ ದಂಧೆ ಹಿಡಿದು ನನ್ನ ಅರ್ಧ ಆಯುಷ್ಯ ಕಳೆಯಿತು. ಆದರೆ ಕೊರೋನಾ ಬಂದ ವರ್ಷ ನೋಡಿದಷ್ಟನ್ನು ಅದಕ್ಕೂ ಮೊದಲು ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ಈಗ ಮಂದಿ ಆ ದಿನಗಳನ್ನು ನೆನೆಸಿಕೊಂಡು, "ಏನ ಅನ್ರಿ, ಊರೆಲ್ಲಾ ಒಂದಾಗಿತ್ತು" ಎಂದು ಕಣ್ಣು ಒರೆಸಿಕೊಳ್ಳುತ್ತಾರೆ. ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಹೇಗೆ ಒಂದಾಗಿತ್ತು ಎಂದು ಹೇಳುತ್ತೇನೆ. ನಿಮಗೆ ನಗು ಬಂದರೆ ನಗಿರಿ, ನನ್ನ ಅಭ್ಯಂತರವಿಲ್ಲ. ನನಗೆ ಬರುವುದು ಸಿಟ್ಟೇ.

ದೇಶಕ್ಕಾಗಿ ಬಿದ್ದ ನೆಗ್ಗು

ಮನೆ ಬಾಗಿಲಿಗೆ ಬಂದು ತಾಟು ಬಾರಿಸಿರಿ, ಚಪ್ಪಾಳೆ ತಟ್ಟಿರಿ ಎಂದು ಹೇಳಿದ ದಿನ ನಿಮಗೂ ನೆನಪಿರಬೇಕು. ಡಾಕ್ಟರು, ನರ್ಸುಗಳಿಗೆ ಗೌರವ ಸಲ್ಲಿಸುವುದಕ್ಕೆ ಅಂತ. ಒಳ್ಳೆಯ ಮಾತೇ. ಬಾರಿಸಲಿ. ಆದರೆ ನಮ್ಮ ಓಣಿಯವರಿಗೆ ಊಟದ ತಾಟಿನ ಸಪ್ಪಳ ಸಾಲಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಓಣಿಯ ನಿವೃತ್ತ ಹೆಡ್‌ಮಾಸ್ತರರು ನನ್ನ ಗೋದಾಮಿಗೆ ಬಂದರು.

"ಮದುವಿ ಸಾರಿನ ಕೊಪ್ಪರಿಗಿ ಐತೆಲ್ಲ, ಅದನ್ನ ಕೊಡ್ರಿ."

"ಇಷ್ಟು ದೊಡ್ಡದು ಯಾಕ್ರೀ ಸರ್? ಮನ್ಯಾಗ ಏನು ಕಾರ್ಯ?"

"ಬಾಜೂ ಓಣ್ಯಾಗ ಹಿತ್ತಾಳಿ ಜಾಗಟಿ ತಂದಾರಂತ. ನಮ್ಮ ಓಣಿ ಮರ್ಯಾದಿ ಪ್ರಶ್ನೆ ಬಂದೈತಿ."

ರೋಗಕ್ಕೂ ಓಣಿಯ ಮರ್ಯಾದೆಗೂ ಏನು ಸಂಬಂಧ ಎಂದು ಕೇಳುವಷ್ಟರಲ್ಲಿ ಅವರ ಹಿಂದೆ ನಾಲ್ಕು ಮಂದಿ ಬಂದು ಕೊಪ್ಪರಿಗೆ ಎತ್ತಿಕೊಂಡು ಹೋದರು. ಸಂಜೆ ಓಣಿಯವರೆಲ್ಲ ಒಬ್ಬರ ಮೈಮೇಲೆ ಒಬ್ಬರು ಬಿದ್ದು ಅದನ್ನು ಬಾರಿಸಿದರು. ಅಂತರ ಕಾಯ್ದುಕೊಳ್ಳಿರಿ ಎಂದು ಅದೇ ದಿನ ಬೆಳಿಗ್ಗೆ ಪುರಸಭೆಯ ಗಾಡಿ ಮೈಕಿನಲ್ಲಿ ಕೂಗಿಕೊಂಡು ಹೋಗಿತ್ತು. ಸೌಟಿನಿಂದ ಬಾರಿಸಿದರು, ಕೊಡದ ಬುಡದಿಂದ ಬಾರಿಸಿದರು, ಕೊನೆಗೆ ಒಬ್ಬನು ರುಬ್ಬುವ ಗುಂಡನ್ನೇ ಹೊತ್ತು ತಂದ.

ಮರುದಿನ ಕೊಪ್ಪರಿಗೆ ವಾಪಸು ಬಂತು. ಅದರ ಹೊಟ್ಟೆ ಒಳಗೆ ಹೋಗಿತ್ತು. ನೆಲದ ಮೇಲಿಟ್ಟರೆ ಒಂದು ಕಡೆ ವಾಲುತ್ತಿತ್ತು.

"ಸರ್, ಇದರಾಗ ಇನ್ನ ಸಾರು ಹೆಂಗ ಮಾಡ್ಲಿ? ಇಷ್ಟು ದೊಡ್ಡ ನೆಗ್ಗು ಬಿದ್ದೈತಿ!"

ಹೆಡ್‌ಮಾಸ್ತರರು ನನ್ನ ಮುಖವನ್ನು ಕನಿಕರದಿಂದ ನೋಡಿದರು. ಎಷ್ಟು ವರ್ಷ ಪಾಠ ಹೇಳಿದರೂ ತಲೆಗೆ ಹತ್ತದ ಹುಡುಗನನ್ನು ನೋಡುವ ಹಾಗೆ.

"ಅದು ದೇಶಕ್ಕಾಗಿ ಬಿದ್ದ ನೆಗ್ಗು. ನೀವು ಬಡಿದು ತೆಗೆಸಬ್ಯಾಡ್ರಿ. ಹಂಗ ಇಟ್ಟು ಅಭಿಮಾನ ಪಡ್ರಿ."

ನೀರಿನ ಸಾರು

ಮದುವೆಗಳೆಲ್ಲ ನಿಂತವು. ನನ್ನ ಪಾತ್ರೆಗಳು ಬೋರಲು ಬಿದ್ದವು. ಅದೇ ಹೊತ್ತಿಗೆ ಮಂಗಳೂರು, ಗೋವಾ ಕಡೆ ದುಡಿಯಲು ಹೋಗಿದ್ದ ಯಲಬುರ್ಗಾ, ಕುಷ್ಟಗಿ ಭಾಗದ ಮಂದಿ ಗಂಟು ಮೂಟೆ ಹೊತ್ತು ವಾಪಸು ಬರತೊಡಗಿದರು. ಅವರಿಗೆ ಊಟ ಹಾಕಬೇಕು ಎಂದು ನಾವು ಒಂದಿಷ್ಟು ಮಂದಿ ಸೇರಿದೆವು. ಗಂಗಾವತಿಯ ರೈಸ್ ಮಿಲ್ಲಿನವರೊಬ್ಬರು ಅಕ್ಕಿ ಕಳಿಸಿದರು. ಪಾತ್ರೆ, ಒಲೆ ನನ್ನವು. ಅಡುಗೆಗೆ ಅಕ್ಕ ನಿಂತಳು.

ಅಕ್ಕ ಎಂದರೆ ನನ್ನ ಒಡಹುಟ್ಟಿದವಳಲ್ಲ. ನನ್ನ ಜೊತೆ ಮದುವೆ ಅಡುಗೆಗೆ ಬರುತ್ತಿದ್ದವಳು. ಯಲಬುರ್ಗಾ ರಸ್ತೆಯ ಒಂದು ಹಳ್ಳಿಯವಳು. ಊರಿನ ಹೆಸರು ಹೇಳುವುದಿಲ್ಲ, ಅಲ್ಲಿ ನನ್ನ ಬೀಗರಿದ್ದಾರೆ. ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು, ಒಬ್ಬಳೇ ಮಗಳು. ಆ ಮಗಳು ಗಂಡನ ಜೊತೆ ಮಂಗಳೂರಿನಲ್ಲಿ ಕಟ್ಟಡದ ಕೆಲಸ ಮಾಡುತ್ತಿದ್ದಳು, ಬಸುರಿ ಬೇರೆ. ಅಕ್ಕ ನಮ್ಮ ಮನೆಯಲ್ಲೇ ಉಳಿದು ಬೆಳಗಿನ ಜಾವದಿಂದ ಒಲೆಯ ಮುಂದೆ ಇರುತ್ತಿದ್ದಳು.

ಊಟ ಹಾಕುವವರಿಗಿಂತ ಫೋಟೋ ತೆಗೆಸಿಕೊಳ್ಳುವವರು ಹೆಚ್ಚಾದರು. ಒಂದು ಮಧ್ಯಾಹ್ನ ಊಟವೆಲ್ಲ ಮುಗಿದು ಪಾತ್ರೆ ತಿಕ್ಕಿ ಇಟ್ಟ ಮೇಲೆ ಒಬ್ಬ ದೊಡ್ಡ ಮನುಷ್ಯರು ಬಂದರು. ಬಿಳಿ ಬಟ್ಟೆ, ಹಿಂದೆ ಕ್ಯಾಮೆರಾದವನು, ಕೈಯಲ್ಲಿ ಬದನೆಕಾಯಿಯ ಒಂದು ಸಣ್ಣ ಚೀಲ.

"ಸಾರು ತಿರುವೋದು ಒಂದು ಫೋಟೋ ಬೇಕಿತ್ತು" ಎಂದರು.

"ಎಲ್ಲಾ ಖಾಲಿ ಆತ್ರಿ ಸಾಹೇಬ್ರ. ನಾಳಿಗಿ ಬರ್ರಿ" ಎಂದೆ.

"ನಾಳಿಗಿ ನನಗ ಬ್ಯಾರೆ ಕಡೆ ಸಮಾಜಸೇವೆ ಐತಿ."

ಅವರ ಕಡೆಯವರು ಒಲೆ ಹೊತ್ತಿಸು ಎಂದು ಗಂಟುಬಿದ್ದರು. ನನಗೆ ಬಾಯಿತನಕ ಬೈಗುಳ ಬಂದಿತ್ತು. ಅಕ್ಕ ಪಾತ್ರೆಗೆ ನಾಲ್ಕು ಕೊಡ ನೀರು ಸುರಿದು ಒಲೆ ಹಚ್ಚಿದಳು. ನೀರು ಕೊತಕೊತ ಕುದಿಯಿತು, ಉಗಿ ಎದ್ದಿತು. ಸಾಹೇಬರು ತೋಳು ಮೇಲೇರಿಸಿ, ಸೌಟು ಹಿಡಿದು, ಬರಿ ನೀರನ್ನು ಭಕ್ತಿಯಿಂದ ತಿರುವಿದರು. ಬೆವರು ಒರೆಸಿಕೊಳ್ಳುವುದನ್ನೂ ಬೇರೆ ಒಂದು ಫೋಟೋ ತೆಗೆಸಿದರು. ಅಷ್ಟು ಗ್ಯಾಸು ಯಾರಪ್ಪನದು? ಆ ಗ್ಯಾಸಿನಲ್ಲಿ ಒಂದು ಹೊತ್ತಿನ ಬೇಳೆ ಬೇಯುತ್ತಿತ್ತು.

ಮರುದಿನ ಅವರದೇ ಫೋನು. "ನಿನ್ನೆ ನಾ ಮಾಡಿದ ಸಾರು ಮಂದಿಗೆ ಹೆಂಗ ಅನಿಸ್ತಂತ?"

ಫೋನಿಗೆ ಕೈ ಮುಚ್ಚಿ ಅಕ್ಕನನ್ನು ಕೇಳಿದೆ.

ಅಕ್ಕ ಉಳ್ಳಾಗಡ್ಡಿ ಹೆಚ್ಚುತ್ತಲೇ, "ಉಪ್ಪು ಸ್ವಲ್ಪ ಕಡಿಮಿ ಆಗಿತ್ತಂತ ಹೇಳು ತಮ್ಮಾ" ಎಂದಳು.

ಜಡ್ಡಿನವರ ಊಟ

ವಾಪಸು ಬಂದವರನ್ನು ಊರಾಚೆಯ ಒಂದು ಶಾಲೆಯಲ್ಲಿ ಇಟ್ಟಿದ್ದರು. ಪರೀಕ್ಷೆಯಾಗಿ, ಏನೂ ಇಲ್ಲ ಎಂದು ತಿಳಿದ ಮೇಲೆ ಮನೆಗೆ ಬಿಡುವುದು. ಅಲ್ಲಿಗೆ ಎರಡು ಹೊತ್ತು ನಮ್ಮ ಅನ್ನ, ಸಾರು ಹೋಗುತ್ತಿತ್ತು.

ಒಂದು ದಿನ ಶಾಲೆಯಲ್ಲಿ ದಂಗೆ ಎದ್ದಿದೆ ಎಂದು ಫೋನು ಬಂತು. ನಾನೂ, ಒಬ್ಬ ಅಧಿಕಾರಿಗಳೂ ಓಡಿದೆವು. ಮಂದಿ ಊಟದ ಪಾತ್ರೆಯ ಮುಂದೆ ಕೈಕಟ್ಟಿ ನಿಂತಿದ್ದರು. ಒಬ್ಬರೂ ತಾಟು ಹಿಡಿದಿರಲಿಲ್ಲ.

ಅಧಿಕಾರಿಗಳಿಗೆ ಸಿಟ್ಟು ಬಂತು. ಅವರು ದಕ್ಷಿಣದ ಕಡೆಯವರು. "ಇಷ್ಟು ಒಳ್ಳೆಯ ಸೋನಾ ಮಸೂರಿ ಅನ್ನ ಹಾಕಿದರೂ ನಿಮಗೆ ಸಾಲದೇ? ಎಷ್ಟು ಜನರಿಗೆ ಇದೂ ಇಲ್ಲ ಗೊತ್ತೇ?"

ಯಲಬುರ್ಗಾ ಕಡೆಯ ಒಬ್ಬ ಮುದುಕ ಮುಂದೆ ಬಂದ. "ಸಾಹೇಬ್ರ, ಸಿಟ್ಟಾಗಬ್ಯಾಡ್ರಿ. ಒಂದು ಮಾತು ಕೇಳ್ತೀನಿ, ಖರೇ ಹೇಳ್ರಿ. ನಮಗ ಕೊರೋನಾ ಐತೋ ಇಲ್ಲೋ?"

"ಇಲ್ಲ ಅಂತ ಡಾಕ್ಟರ್ ಹೇಳಿದಾರಲ್ಲ! ಇನ್ನೊಂದು ಪರೀಕ್ಷೆ ಆದರೆ ಮನೆಗೆ ಬಿಡ್ತೀವಿ."

"ಮತ್ತ ಎರಡೂ ಹೊತ್ತು ಅನ್ನ ಯಾಕ ಹಾಕ್ತೀರಿ? ನಮ್ಮ ಕಡೆ ಬರೇ ಅನ್ನ ಕೊಡೋದು ಜಡ್ಡಿನವರಿಗೆ. ನಿನ್ನೆ ರಾತ್ರಿ ಇಕಿ ನನ್ನ ಹೆಂಡ್ತಿ ಅಳಾಕ ಹತ್ತಿದ್ಲು. ಏನೋ ಮುಚ್ಚಿಡಾಕ ಹತ್ಯಾರ, ಅನ್ನದ ಮ್ಯಾಲ ಅನ್ನ ಹಾಕಾಕ ಹತ್ಯಾರ, ನಾವು ಉಳಿಯಂಗಿಲ್ಲ ಅಂತ!"

ಜೋಳದ ರೊಟ್ಟಿ ತಿಂದು ಬೆಳೆದ ಮಂದಿಯ ನಡುವೆ ಹುಟ್ಟಿ ಬೆಳೆದ ನನಗೇ ಇದು ಹೊಳೆದಿರಲಿಲ್ಲ. ಅಕ್ಕ ಮರುದಿನದಿಂದ ಓಣಿಯ ಹೆಣ್ಣುಮಕ್ಕಳನ್ನು ಕೂಡಿಸಿ ರೊಟ್ಟಿ ತಟ್ಟಿಸತೊಡಗಿದಳು. ರೊಟ್ಟಿ, ಪುಂಡಿಪಲ್ಯ, ಹಸಿ ಉಳ್ಳಾಗಡ್ಡಿ ಹೋದ ದಿನ ಶಾಲೆಯವರು ಮೊದಲ ಸಲ ನಕ್ಕರು. ಮುದುಕನ ಹೆಂಡತಿ ರೊಟ್ಟಿ ಮುರಿದು ನೋಡಿ ಗಂಡನಿಗೆ ಹೇಳಿದಳಂತೆ, "ಹೆದರಬ್ಯಾಡ್ರಿ, ಬದುಕ್ತೀವಿ."

ಅದೇ ವಾರ ಸರ್ಕಾರ ಬಿಟ್ಟ ಮಂಗಳೂರು ಬಸ್ಸಿನಲ್ಲಿ ಅಕ್ಕನ ಮಗಳೂ ಅಳಿಯನೂ ಬಂದು ಅದೇ ಶಾಲೆ ಸೇರಿದರು. ಹುಡುಗಿಗೆ ಆಗ ಏಳು ತಿಂಗಳು. ಚೊಚ್ಚಲು, ಹೆರಿಗೆಗೆ ತವರಿಗೇ ಹೋಗಬೇಕು. ಅಕ್ಕ ಗೇಟಿನ ಹೊರಗೆ ನಿಂತು ಮಗಳ ಮುಖ ನೋಡಿ, ರೊಟ್ಟಿ ಬುಟ್ಟಿ ಇಟ್ಟು ವಾಪಸು ಬರುತ್ತಿದ್ದಳು. "ಮನಿಗೆ ಕರಕೊಂಡು ಹೋಗಿ ಹೊಟ್ಟಿ ತುಂಬಾ ಉಣ್ಣಿಸಬೇಕು ತಮ್ಮಾ, ಭಾಳ ಸೊರಗ್ಯಾಳ" ಎಂದು ದಿನಾ ಅದೇ ಮಾತು.

ಶಾಲು ಹೊದ್ದವರು

ರೋಗ ಇನ್ನೂ ಊರೊಳಗೇ ತಿರುಗುತ್ತಿತ್ತು. ಆಗಲೇ ಕೊರೋನಾ ಯೋಧರಿಗೆ ಸನ್ಮಾನ ಎಂದು ಒಂದು ಕಾರ್ಯಕ್ರಮ ಇಟ್ಟುಕೊಂಡರು! ಯುದ್ಧ ನಡೆದಿರುವಾಗಲೇ ಪದಕ ಹಂಚುವ ಊರು ನಮ್ಮದೊಂದೇ ಇರಬೇಕು. ವೇದಿಕೆ, ಖುರ್ಚಿ ನನ್ನವು.

ಖುರ್ಚಿಗಳನ್ನು ಅಂತರ ಬಿಟ್ಟು ಕೆಳಗೆ ಹಾಕಿಸಿದ್ದೆ. ಸಂಘಟಕರು ಬಂದು, "ಇವನ್ನೆಲ್ಲಾ ಮ್ಯಾಲ ಹಾಕ್ರಿ. ಸನ್ಮಾನ ಮಾಡಿಸಿಕೊಳ್ಳೋರು ಭಾಳ ಮಂದಿ ಅದಾರ" ಎಂದರು.

"ಹಂಗಾರ ಕೆಳಗ ಕುಂತು ಚಪ್ಪಾಳಿ ಹೊಡಿಯೋರು?"

"ಕೆಳಗ ಯಾರೂ ಇಲ್ಲ. ಎಲ್ಲಾರೂ ಯೋಧರು."

ಖುರ್ಚಿಗಳೆಲ್ಲ ಮೇಲೆ ಹೋದವು, ಮೊಣಕಾಲಿಗೆ ಮೊಣಕಾಲು ತಾಗುವ ಹಾಗೆ. ಕೆಳಗೆ ಉಳಿದವನು ನಾನೊಬ್ಬ. ಅಕ್ಕ ಎಲ್ಲಿದ್ದಳು ಎಂದು ಕೇಳುತ್ತೀರಾ? ವೇದಿಕೆಯ ಹಿಂದೆ ಯೋಧರಿಗೆ ಮಿರ್ಚಿಭಜಿ ಕರಿಯುತ್ತಿದ್ದಳು. ದಿನಾ ನೂರಾರು ಮಂದಿಯ ಹೊಟ್ಟೆ ತುಂಬಿಸಿದವಳ ಹೆಸರು ಒಬ್ಬನ ಬಾಯಲ್ಲೂ ಬರಲಿಲ್ಲ. ನೀರು ತಿರುವಿದ ಸಾಹೇಬರಿಗೆ ಶಾಲು. ಅಕ್ಕನ ಊರಿನ ಮುಖಂಡರಿಗೂ ಒಂದು ಶಾಲು. ಯಾಕೆಂದರೆ ಅವರು ಊರಿನ ರಸ್ತೆಗೆ ಜಾಲಿಮುಳ್ಳಿನ ಬೇಲಿ ಹಾಕಿಸಿ ಒಬ್ಬನನ್ನೂ ಒಳಗೆ ಬಿಡದೆ ಊರನ್ನು ಉಳಿಸಿದ್ದರಂತೆ. ತಮ್ಮೂರಿನ ಮಕ್ಕಳನ್ನೇ ಬಿಸಿಲಿನಲ್ಲಿ ನಿಲ್ಲಿಸಿ ಓಡಿಸಿದ್ದಕ್ಕೂ ಶಾಲು ಕೊಡುತ್ತಾರೆ ಎಂದು ಅವತ್ತು ತಿಳಿಯಿತು.

ಫೋಟೋ ತೆಗೆಯುವ ಹೊತ್ತಿಗೆ ಕ್ಯಾಮೆರಾದವನು, "ಮಾಸ್ಕ್ ಹಾಕಿಕೊಂಡ್ರ ಯಾರು ಯಾರು ಅಂತ ಗೊತ್ತಾಗಂಗಿಲ್ರಿ" ಎಂದ. ಯೋಧರೆಲ್ಲ ಒಟ್ಟಿಗೆ ಮಾಸ್ಕ್ ಬಿಚ್ಚಿ ಜೇಬಿಗೆ ಇಟ್ಟುಕೊಂಡರು.

ಒಂದು ವಾರ ಕಳೆಯಿತು. ಶಾಲೆಗೆ ಊಟ ತೆಗೆದುಕೊಂಡು ಹೋದಾಗ ಸಾಲಿನಲ್ಲಿ ಹೊಸಬರಿದ್ದರು. ಆರು ಮಂದಿಯ ಮೈಮೇಲೆ ಒಂದೇ ಬಣ್ಣದ ಶಾಲು.

ಬೇಲಿ

ಅಷ್ಟರಲ್ಲಿ ಲಾಕ್‌ಡೌನ್ ಸಡಿಲವಾಯಿತು. ಎಂದಿನ ಬಸ್ಸುಗಳು ಮತ್ತೆ ಓಡತೊಡಗಿದವು. ಅಕ್ಕನ ಮಗಳಿಗೂ ಅಳಿಯನಿಗೂ ಏನೂ ಇಲ್ಲ ಎಂದು ಡಾಕ್ಟರು ಬರೆದುಕೊಟ್ಟು ಮನೆಗೆ ಕಳಿಸಿದರು. ನನ್ನ ಗೂಡ್ಸ್ ಗಾಡಿಯಲ್ಲಿ ಮೂವರನ್ನೂ ಕೂರಿಸಿಕೊಂಡು ಹೊರಟೆ. ಅಕ್ಕ ದಾರಿಯುದ್ದಕ್ಕೂ ಮಗಳ ಕೈ ಬಿಟ್ಟಿರಲಿಲ್ಲ.

ಸರ್ಕಾರ ಬಾಗಿಲು ತೆಗೆದಿತ್ತು. ಊರು ತೆಗೆದಿರಲಿಲ್ಲ. ರಸ್ತೆಗೆ ಅಡ್ಡಲಾಗಿ ಆಳೆತ್ತರದ ಜಾಲಿಮುಳ್ಳಿನ ರಾಶಿ ಹಾಗೇ ಇತ್ತು. ರಸ್ತೆಗೆ ಮಾತ್ರ. ಎಡಕ್ಕೂ ಬಲಕ್ಕೂ ಹೊಲಗಳು ಬಟಾಬಯಲು. ಆಡು, ಕುರಿ, ನಾಯಿ, ಮಂದಿ ಎಲ್ಲ ಬದುವಿನ ಮೇಲಿಂದ ಆರಾಮಾಗಿ ಓಡಾಡುತ್ತಿದ್ದರು. ಕೊರೋನಾ ಮಾತ್ರ ಡಾಂಬರು ರಸ್ತೆ ಹಿಡಿದೇ ಬರುತ್ತದೆ ಎಂದು ಆ ಊರಿನವರ ನಂಬಿಕೆ.

ಬೇಲಿಯ ಆ ಕಡೆ ಮುಖಂಡರು ಬಂದು ನಿಂತರು.

"ಯಜಮಾನ್ರ, ಡಾಕ್ಟ್ರು ಬರದು ಕೊಟ್ಟಾರ. ಹುಡುಗಿಗೆ ಏನೂ ಇಲ್ಲ. ದಾರಿ ಬಿಡ್ರಿ" ಎಂದೆ.

"ಡಾಕ್ಟರ್ ಮಾತು ಡಾಕ್ಟರ್ ಹತ್ರ ಇರ್ಲಿ. ಹೊರಗಿನವರು ಒಬ್ಬರೂ ಒಳಗ ಬರಂಗಿಲ್ಲ."

ನನಗೆ ತಡೆಯಲಾಗಲಿಲ್ಲ. "ಮೊನ್ನೆ ನೀವು ಸನ್ಮಾನಕ್ಕ ಬಂದಿದ್ರಲ್ಲ? ನಿಮ್ಮ ಬಾಜೂಕ ಕುಂತಾವ್ರು ಈಗ ಕ್ವಾರಂಟೈನ್ ಸಾಲ್ಯಾಗ ಅದಾರ. ನಿಮ್ಮನ್ನ ಯಾರು ಒಳಗ ಬಿಟ್ರು?"

ಅವರಿಗೆ ಒಂಚೂರೂ ನಾಚಿಕೆಯಾಗಲಿಲ್ಲ. "ನಾ ಸನ್ಮಾನಕ್ಕ ಹೋಗಿ ಬಂದಾವ. ಇಕಿ ಗುಳೇ ಹೋಗಿ ಬಂದಾಕಿ. ಎರಡೂ ಒಂದ ಏನು?"

ಆಮೇಲೆ ಬೇಲಿಯ ಹತ್ತಿರ ಬಂದು ದನಿ ತಗ್ಗಿಸಿದರು. "ಯಕ್ಕಾ, ಹಿಂಗ ಮಾಡು. ಹೊತ್ತು ಮುಳುಗಿದ ಮ್ಯಾಲ ಬದುವಿನಗುಂಟ ಕರ್ಕೊಂಡು ಬಾ. ನಾ ನೋಡೇ ಇಲ್ಲ ಅಂತ ಇದ್ದುಬಿಡ್ತೀನಿ."

ಆ ಎಲ್ಲ ದಿನಗಳಲ್ಲಿ ಅಕ್ಕ ದನಿ ಏರಿಸಿದ್ದನ್ನು ನಾನು ಕಂಡಿರಲಿಲ್ಲ. ಅವತ್ತು ಕಂಡೆ.

"ಕದ್ದು ಕರ್ಕೊಂಡು ಬರಾಕ ಇಕಿ ಏನು ಕಳವಿನ ಕುರಿ ಏನ್ರೀ? ನಾ ಹಡದ ಮಗಳು! ಹಡ್ಯಾಕ ತವರಿಗೆ ಬಂದಾಳ. ರಸ್ತಾದ ಮ್ಯಾಲ ಬಂದಾಳ, ರಸ್ತಾದ ಮ್ಯಾಲ ಒಳಗ ಹೋಗ್ತಾಳ. ಇಲ್ಲಾಂದ್ರ ಹೋಗಂಗಿಲ್ಲ."

ಹುಡುಗಿ ಗಾಡಿಯಲ್ಲಿ ಕೂತು ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ಅಕ್ಕ ನನ್ನ ಕಡೆ ತಿರುಗಿದಳು.

"ತಮ್ಮಾ, ನಾಳಿಗಿ ಇಲ್ಲೇ ಶಾಮಿಯಾನ ಹಾಕು."

"ಇಲ್ಲಿ? ಯಾತಕ್ಕಕ್ಕಾ?"

"ಕುಬಸಕ್ಕ."

ಕುಬಸ ಎಂದರೆ ನಮ್ಮ ಕಡೆ ಬಸುರಿಯ ಬಯಕೆಯ ಊಟ. ಹಸಿರು ಸೀರೆ, ಹಸಿರು ಬಳೆ, ಉಡಿ ತುಂಬುವುದು, ಆರತಿ, ಹಾಡು. ಕುಬಸಕ್ಕೆ ಕರೆದರೆ ಯಾವ ಹೆಣ್ಣುಮಗಳೂ ಒಲ್ಲೆ ಎನ್ನುವುದಿಲ್ಲ. ಒಲ್ಲೆ ಎಂದರೆ ತುಂಬಿದ ಹೊಟ್ಟೆಗೆ ಅವಮಾನ ಮಾಡಿದಂತೆ. ಎಷ್ಟೇ ಜಗಳವಿರಲಿ, ಬರಲೇಬೇಕು.

ಆ ರಾತ್ರಿ ಮೂವರೂ ನಮ್ಮ ಮನೆಯಲ್ಲೇ ಉಳಿದರು. ಮರುದಿನ ಬೇಲಿಯಿಂದ ಹತ್ತು ಮಾರು ದೂರ ರಸ್ತೆಯ ಮೇಲೆ ನನ್ನ ಶಾಮಿಯಾನ ಎದ್ದಿತು. ಗಾಳಿ ಊರ ಕಡೆ ಬೀಸುವುದನ್ನು ನೋಡಿಕೊಂಡು ಅಕ್ಕ ಒಲೆ ಹೂಡಿಸಿದಳು. ಹೋಳಿಗೆ, ಕರಿಗಡಬು, ಎಣ್ಣೆಗಾಯಿ, ಸಜ್ಜೆ ರೊಟ್ಟಿ, ಮೊಸರು ಬುತ್ತಿ. ಎಲ್ಲ ಸಿದ್ಧವಾದ ಮೇಲೆ ಕುಂಕುಮದ ಬಟ್ಟಲು ಹಿಡಿದು ಬೇಲಿಯ ಹತ್ತಿರ ಹೋಗಿ ಕೂಗಿದಳು.

"ನನ್ನ ಮಗಳ ಕುಬಸ ಐತಿ! ಎಲ್ಲಾರೂ ಬರ್ರವ್ವಾ!"

ಆಮೇಲೆ ಬದುವಿನ ಮೇಲೆ ಒಬ್ಬ ಹೆಣ್ಣುಮಗಳು ಕಂಡಳು. ಬಾಯಿಗೆ ಸೆರಗು, ಕೈಯಲ್ಲಿ ಆರತಿ ತಟ್ಟೆ. ಮುಖಂಡರ ಹೆಂಡತಿ! ಅವಳ ಹಿಂದೆ ಹೆಣ್ಣುಮಕ್ಕಳ ಸಾಲು, ಅವರ ಹಿಂದೆ ಮುದುಕಿಯರು, ಆಮೇಲೆ ಹೋಳಿಗೆಯ ವಾಸನೆ ಹಿಡಿದ ಗಂಡಸರು. ಕೊನೆಗೆ ಬೇಲಿ ಕಾಯುತ್ತಿದ್ದ ಇಬ್ಬರೂ ಬಡಿಗೆ ಬಿಸಾಕಿ ಬಂದರು. ಹುಡುಗಿಗೆ ಬಳೆ ಇಟ್ಟರು, ಉಡಿ ತುಂಬಿದರು, ಹಾಡು ಹಾಡಿದರು. ಆ ಸೊರಗಿದ ಮುಖದಲ್ಲಿ ನಗು ನೋಡಿ ನಾನು ಕಂಬ ಸರಿಮಾಡುವವನ ಹಾಗೆ ಆ ಕಡೆ ತಿರುಗಿ ನಿಂತೆ.

ಬೇಲಿಯ ಒಳಗೆ ಉಳಿದವರು ಮುಖಂಡರೊಬ್ಬರೇ.

"ಏನ ಹಚ್ಚೀರಿ ಇದು? ಎಲ್ಲಾರೂ ಒಳಗ ಬರ್ರಿ!" ಎಂದು ಕೂಗಿದರು.

ಹೆಂಡತಿ ಹುಡುಗಿಯ ಬಾಯಿಗೆ ಕಡಬು ಇಡುತ್ತ, "ಹೊರಗಿನವರು ಒಳಗ ಬರಬಾರದಂತ ನೀವ ಹೇಳೀರಲ್ಲ? ಈಗ ಊರೆಲ್ಲಾ ಹೊರಗ ಐತಿ" ಎಂದಳು.

"ಬದುವಿನ ಮ್ಯಾಲಿಂದ ಹೋದವರು ಬದುವಿನ ಮ್ಯಾಲಿಂದನ ಬರ್ರಿ!"

"ಇಕಿ ಯಾವ ದಾರೀಲೆ ಬರ್ತಾಳೋ ನಾವೂ ಅದ ದಾರೀಲೆ ಬರ್ತೀವಿ. ಅಲ್ಲೀತನಕ ನಿಮ್ಮ ಊರು ನೀವ ಇಟ್ಕೊಳ್ರಿ."

ಮುಖಂಡರು ಮೀಸೆ ತಿರುವಿಕೊಂಡು ನಿಂತರು. ಸಾಲಾಗಿ ಎಲೆ ಹಾಕಿದೆವು. ಹೋಳಿಗೆಯ ಮೇಲೆ ತುಪ್ಪ ಬಿತ್ತು. ಬಿಸಿಲು ನೆತ್ತಿಗೆ ಬಂತು. ಮನೆಯಲ್ಲಿ ಒಲೆ ಹಚ್ಚುವವರು ಯಾರೂ ಇಲ್ಲ ಎಂದು ಅವರಿಗೆ ಆಗ ಹೊಳೆದಿರಬೇಕು. ಬಗ್ಗಿ ಒಂದು ಟೊಂಗೆ ಎಳೆದರು, ಆಮೇಲೆ ಇನ್ನೊಂದು. ಸಹಾಯಕ್ಕೆ ಒಬ್ಬನೂ ಏಳಲಿಲ್ಲ. ಏಳಲು ಹೋದ ನನ್ನ ಬೀಗರನ್ನು ನಾನೇ ಕೈ ಹಿಡಿದು ಕೂರಿಸಿದೆ. ಊರು ಕಟ್ಟಿದ ಬೇಲಿಯನ್ನು ಒಬ್ಬರೇ ಬಿಚ್ಚಿದರು, ಬರಿಗೈಯಲ್ಲಿ, ಪ್ರತಿ ಟೊಂಗೆಗೂ ಒಂದೊಂದು "ಯಪ್ಪಾ!" ಎನ್ನುತ್ತ.

ದಾರಿ ತೆರೆಯಿತು. ಹುಡುಗಿ ಹಸಿರು ಸೀರೆಯಲ್ಲಿ, ಡಾಂಬರು ರಸ್ತೆಯ ನಟ್ಟನಡುವೆ, ಎಲ್ಲರಿಗಿಂತ ಮುಂದೆ ಊರೊಳಗೆ ನಡೆದಳು.

ಮುಖಂಡರು ರಕ್ತ ಸುರಿಯುವ ಕೈ ಹಿಡಿದುಕೊಂಡು ಶಾಮಿಯಾನದ ಹತ್ತಿರ ಬಂದರು. "ಈಗರ ನನಗ ಉಣ್ಣಾಕ ಹಾಕ್ತೀಯೋ ಇಲ್ಲೋ, ಯಕ್ಕಾ?"

ಅಕ್ಕ ಅವರ ಮುಂದೆ ನೀರಿನ ತಂಬಿಗೆ ಇಟ್ಟು, ಸಬೂನು ಕೊಟ್ಟಳು. "ಹಾಕ್ತೀನ್ರಿ. ಮೊದಲ ಕೈ ತೊಳಕೊಳ್ರಿ. ಇಪ್ಪತ್ತು ಸೆಕೆಂಡ್ ತಿಕ್ಕಬೇಕಂತ, ಸರ್ಕಾರ ಹೇಳೈತಿ."

ಮುಳ್ಳು ಹೆಟ್ಟಿದ ಕೈಗೆ ಸಬೂನು ಬಿತ್ತು. ಅವರು ಚೀರಿದ ದನಿಗೆ ಹೊಲದಲ್ಲಿದ್ದ ಕುರಿಗಳೆಲ್ಲ ತಲೆ ಎತ್ತಿ ನೋಡಿದವು.

ಅಕ್ಕ ಹೋಳಿಗೆ ಹಿಡಿದುಕೊಂಡೇ ನಿಂತಿದ್ದಳು. "ತಿಕ್ರಿ ಯಜಮಾನ್ರ, ತಿಕ್ರಿ. ಇನ್ನೂ ಐದು ಸೆಕೆಂಡೂ ಆಗಿಲ್ಲ."